ಎಲಿವೇಷನ್ 69 ಡಿಗ್ರಿ ಇಟ್ಟರೂ ಡಿಶ್‌ಗೆ ಸಿಗ್ನಲ್ ಯಾಕೆ ಬರ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಾರಸಿ ಹತ್ತಿ ಇಳಿದು ಸಾಕಾಗಿದೆ. ಗೊತ್ತಿದ್ದವರು ಯಾರಾದರೂ ದಾರಿ ತೋರಿಸಿ.

ಮೊನ್ನೆ ಜೋರು ಗಾಳಿಗೆ ನಮ್ಮ ಡಿಶ್ ತಿರುಗಿಕೊಂಡಿತು. ಹಿಂದಿನ ಕ್ಲಾಂಪ್ ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚಿ ಹೊಸದು ಹಾಕಿದೆ. ಹಾಗಾಗಿ ಹಳೆಯ ಗುರುತು ಒಂದೂ ಉಳಿದಿಲ್ಲ, ಎಲ್ಲಾ ಮೊದಲಿನಿಂದ ಹೊಂದಿಸಬೇಕು. ಅಪ್ಪ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಅವರಿಗೆ ದಿನವಿಡೀ ಟಿವಿಯೇ ಜೊತೆ. ಈಗ ಸುಮ್ನೆ ಗೋಡೆ ನೋಡುತ್ತಾ ಮಲಗಿರುತ್ತಾರೆ. ಅದಕ್ಕೇ ಇಷ್ಟು ಒದ್ದಾಡುತ್ತಿದ್ದೇನೆ.

ನಾನು ಮಾಡಿದ್ದು ಹೀಗೆ. ನಾವಿರುವ ಜಾಗದ ಅಕ್ಷಾಂಶ 15 ಡಿಗ್ರಿ ಉತ್ತರ. ಉಪಗ್ರಹ ನಮ್ಮ ರೇಖಾಂಶದಿಂದ 10 ಡಿಗ್ರಿ ಪೂರ್ವಕ್ಕಿದೆ. ಲೆಕ್ಕ ಹಾಕಿದರೆ ಎಲಿವೇಷನ್, ಅಂದರೆ ಉಪಗ್ರಹ ದಿಗಂತದಿಂದ ಎಷ್ಟು ಮೇಲಿದೆ ಅನ್ನೋ ಕೋನ, 69 ಡಿಗ್ರಿ ಬಂತು. ದಿಕ್ಕು ದಕ್ಷಿಣದಿಂದ ಪೂರ್ವಕ್ಕೆ 34 ಡಿಗ್ರಿ. ಡಿಶ್‌ನ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಒಂದು ನೇರ ಮರದ ಪಟ್ಟಿ ಇಟ್ಟೆ. ಅದರ ಮೇಲೆ ಫೋನ್ ಇಟ್ಟು, ಕೋನ ಅಳೆಯುವ ಆ್ಯಪ್ ನೋಡುತ್ತಾ, ನೆಟ್ಟಗೆ ನಿಂತಿದ್ದ ಡಿಶ್ಶನ್ನು ಹಿಂದಕ್ಕೆ ಸರಿಯಾಗಿ 69 ಡಿಗ್ರಿ ವಾಲಿಸಿದೆ. ಆಮೇಲೆ ದಿಕ್ಸೂಚಿ ಹಿಡಿದು ಎಡಕ್ಕೆ, ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಟಿವಿಯಲ್ಲಿ ಸಿಗ್ನಲ್ ಸ್ಟ್ರೆಂತ್ 50ರ ಹತ್ತಿರ ತೋರಿಸುತ್ತದೆ. ಕ್ವಾಲಿಟಿ ಮಾತ್ರ ಸೊನ್ನೆ.

ಡಿಶ್ ಅಗಲ 60 ಸೆಂ.ಮೀ., ಎತ್ತರ 65 ಸೆಂ.ಮೀ. ಎಲ್‌ಎನ್‌ಬಿ (ಡಿಶ್ ಎದುರು ಸಿಗ್ನಲ್ ಹಿಡಿಯುವ ಭಾಗ) ಕೆಟ್ಟಿದೆ ಅಂತ ಕಾಣುತ್ತೆ, ಬದಲಿಸಲೇ?

ಉತ್ತರ 1

ಎಲ್‌ಎನ್‌ಬಿ ಬದಲಿಸಬೇಡಿ. ಅದು ಚೆನ್ನಾಗಿದೆ ಅಂತಲೇ ನನ್ನ ಲೆಕ್ಕ. ತಪ್ಪು ಎಲ್ಲಿದೆ ಅನ್ನೋದು ನೀವು ಕೊಟ್ಟ ಅಳತೆಯಲ್ಲೇ ಇದೆ. ಇಷ್ಟು ವಿವರ ಬರೆದಿದ್ದಕ್ಕೆ ಥ್ಯಾಂಕ್ಸ್, ಎಷ್ಟೋ ಜನ "ಸಿಗ್ನಲ್ ಇಲ್ಲ" ಅಂತ ಒಂದೇ ಮಾತು ಬರೆದು ಬಿಟ್ಟುಬಿಡುತ್ತಾರೆ.

ಒಂದು ಸಲ ಡಿಶ್ ಮುಂದೆ ನಿಂತು ನೋಡಿ. ಎಲ್‌ಎನ್‌ಬಿ ಡಿಶ್‌ನ ನಟ್ಟನಡುವೆ ಎದುರಿಗಿಲ್ಲ, ಅಲ್ವಾ? ಕೆಳಗಿನ ಅಂಚಿನಿಂದ ಬಂದ ತೋಳಿನ ತುದಿಯಲ್ಲಿ ಕೂತಿದೆ. ಇದಕ್ಕೆ ಆಫ್‌ಸೆಟ್ ಡಿಶ್ ಅನ್ನುತ್ತಾರೆ. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುವುದಿಲ್ಲ, ಇನ್ನೊಂದು ಕಡೆಗೆ ಹೊರಳುತ್ತದೆ. ಇಲ್ಲೂ ಹಾಗೆಯೇ. ಮೇಲಿನಿಂದ ಓರೆಯಾಗಿ ಬಂದ ಸಿಗ್ನಲ್ ಡಿಶ್ಶಿಗೆ ಬಡಿದು ಕೆಳಗಿನ ಎಲ್‌ಎನ್‌ಬಿ ಕಡೆಗೆ ಹೋಗುತ್ತದೆ. ಅಂದರೆ ಡಿಶ್ ಮುಖ ಎತ್ತ ಇದೆಯೋ ಅದಕ್ಕಿಂತ ಮೇಲಕ್ಕೆ ಅದು "ನೋಡುತ್ತಿರುತ್ತದೆ".

ಎಷ್ಟು ಮೇಲಕ್ಕೆ? ಅದನ್ನು ಟೇಪಿನಲ್ಲೇ ಕಂಡುಹಿಡಿಯಬಹುದು. ಅಗಲವನ್ನು ಎತ್ತರದಿಂದ ಭಾಗಿಸಿ. 60 ಭಾಗ 65 ಅಂದರೆ 0.923. ಕ್ಯಾಲ್ಕುಲೇಟರಿನಲ್ಲಿ ಇದರ ಕಾಸ್ ಇನ್ವರ್ಸ್ ಒತ್ತಿ. 22.6 ಡಿಗ್ರಿ ಬರುತ್ತದೆ. ಅದೇ ನಿಮ್ಮ ಡಿಶ್‌ನ ಆಫ್‌ಸೆಟ್. 69ರಲ್ಲಿ 22.6 ಕಳೆದರೆ ಸುಮಾರು 46. ಮರದ ಪಟ್ಟಿ ನೆಟ್ಟಗಿನಿಂದ 46 ಡಿಗ್ರಿ ಮಾತ್ರ ಹಿಂದಕ್ಕೆ ವಾಲಬೇಕು.

ನೀವು 69 ವಾಲಿಸಿದಿರಿ. ಅದರ ಮೇಲೆ ಆಫ್‌ಸೆಟ್ ಸೇರಿ 91 ದಾಟಿತು. ಅಂದರೆ ನಿಮ್ಮ ಡಿಶ್ ಮೂರು ದಿನದಿಂದ ನೆತ್ತಿಯ ಮೇಲಿನ ಖಾಲಿ ಆಕಾಶ ನೋಡುತ್ತಿದೆ. ಅಲ್ಲಿ ಎಷ್ಟು ತಿರುಗಿಸಿದರೂ ಏನೂ ಸಿಗುವುದಿಲ್ಲ.

ಒಂದು ಎಚ್ಚರ. ಹಿಂದಿನ ಬ್ರಾಕೆಟ್ಟಿನಲ್ಲಿ ಡಿಗ್ರಿ ಗೀಟುಗಳು ಇದ್ದರೆ, ಸಾಮಾನ್ಯವಾಗಿ ಅದರಲ್ಲಿ ಆಫ್‌ಸೆಟ್ ಆಗಲೇ ಕಳೆದಿರುತ್ತಾರೆ. ಅಲ್ಲಿ 69ಕ್ಕೇ ಇಡಬೇಕು. ಫೋನಿನಲ್ಲಿ ಅಳೆದರೆ 46. ಎರಡನ್ನೂ ಬೆರೆಸಿದರೆ ಮತ್ತೆ ದಾರಿ ತಪ್ಪುತ್ತೆ.

ಸ್ಟ್ರೆಂತ್ 50 ಇದೆ ಅಂದಿರಿ. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ, ಕೇಬಲ್ ಸರಿ ಇದೆ ಅನ್ನೋದಕ್ಕೆ ಅದು ಒಳ್ಳೆಯ ಗುರುತು. ಉಪಗ್ರಹ ಸಿಗದಿದ್ದರೂ ಸ್ಟ್ರೆಂತ್ ಅಷ್ಟು ಏರಿರುತ್ತದೆ. ನೀವು ಕಣ್ಣಿಡಬೇಕಾದ್ದು ಕ್ವಾಲಿಟಿ ಮೇಲೆ.

ಈಗ ಕಂಬದ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಕಂಬ ವಾಲಿದ್ದರೆ ಗೀಟಿನ ಮೇಲಿನ ಸಂಖ್ಯೆಗೆ ಬೆಲೆಯಿಲ್ಲ. ಜೊತೆಗೆ, ಡಿಶ್ಶನ್ನು ಪಕ್ಕಕ್ಕೆ ತಿರುಗಿಸಿದಾಗೆಲ್ಲಾ ಎಲಿವೇಷನ್ ಕೂಡ ತಾನಾಗಿ ಬದಲಾಗುತ್ತಾ ಹೋಗುತ್ತದೆ. ಆಗ ಎಷ್ಟು ಹುಡುಕಿದರೂ ಸಿಗಲ್ಲ. ರಸಮಟ್ಟ ಇಲ್ಲದಿದ್ದರೆ ದಾರಕ್ಕೆ ಒಂದು ನಟ್ ಕಟ್ಟಿ ಕಂಬದ ಪಕ್ಕ ಇಳಿಬಿಡಿ. ಮೊದಲು ಎದುರಿನಿಂದ ನೋಡಿ, ಆಮೇಲೆ ಪಕ್ಕದಿಂದ. ಎರಡೂ ಕಡೆಯಿಂದ ದಾರ ಮತ್ತು ಕಂಬ ಜೊತೆಜೊತೆಗೆ ಇಳಿಯಬೇಕು. ಒಂದು ಮೀಟರ್ ಕಂಬದ ತುದಿ 17 ಮಿ.ಮೀ. ಸರಿದಿದ್ದರೆ ಒಂದು ಡಿಗ್ರಿ ವಾಲಿದೆ ಅಂತ ಅರ್ಥ.

ಒಂದು ಡಿಗ್ರಿ ಅಂದರೆ ಕಡಿಮೆಯಲ್ಲ. 60 ಸೆಂ.ಮೀ. ಡಿಶ್ ಕೆಯು ಬ್ಯಾಂಡಿನಲ್ಲಿ (ಇಂಥ ಡಿಶ್‌ಗೆ ಸಿಗ್ನಲ್ ಬರುವ ತರಂಗಗಳ ಶ್ರೇಣಿ) ಚೆನ್ನಾಗಿ ನೋಡುವುದು ಹೆಚ್ಚುಕಡಿಮೆ 3 ಡಿಗ್ರಿ ಅಗಲದ ಕಿಂಡಿಯಲ್ಲಿ. ನಡುವಿನಿಂದ ಒಂದೂವರೆ ಡಿಗ್ರಿ ಆಚೀಚೆ ಆದರೆ ಬರುವ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವುದೇ ಚೂರು, ಅದರಲ್ಲಿ ಅರ್ಧ ಕಳೆದುಕೊಂಡರೆ ಮೋಡ ಕವಿದಾಗ ಚಿತ್ರ ಉಳಿಯುವುದಿಲ್ಲ.

ನಿಮಗೆ ಒಂದು ಅನುಕೂಲವೂ ಇದೆ. ಎಲಿವೇಷನ್ 69ರಷ್ಟು ಎತ್ತರ ಇದ್ದಾಗ ಡಿಶ್ಶನ್ನು ಪಕ್ಕಕ್ಕೆ ಒಂದು ಡಿಗ್ರಿ ತಿರುಗಿಸಿದರೆ ಆಕಾಶದಲ್ಲಿ ಅದು ಸರಿಯುವುದು ಡಿಗ್ರಿಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದಿಕ್ಸೂಚಿ ಎರಡು ಮೂರು ಡಿಗ್ರಿ ತಪ್ಪಿದರೂ ಚಿಂತೆಯಿಲ್ಲ. ಆದರೆ ಮೇಲೆ ಕೆಳಗೆ ಮಾಡುವಾಗಿನ ತಪ್ಪು ಪೂರ್ತಿ ತಪ್ಪೇ. ಅದಕ್ಕೇ ಕಂಬ ಮೊದಲು, ಎಲಿವೇಷನ್ ಆಮೇಲೆ, ದಿಕ್ಕು ಕೊನೆಗೆ.

46ಕ್ಕೆ ಇಟ್ಟು ಪೂರ್ವದಿಂದ ದಕ್ಷಿಣದ ಕಡೆಗೆ ನಿಧಾನ ತಿರುಗಿಸಿ. ಪ್ರತಿ ಸಲ ನಾಲ್ಕೈದು ಸೆಕೆಂಡ್ ಕಾಯಿರಿ, ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಸಿಗದಿದ್ದರೆ 45, 47, 44, 48 ಹೀಗೆ ಮಾಡಿ ನೋಡಿ.

ಉತ್ತರ 2

ಮೇಲೆ ಹೇಳಿದ್ದೆಲ್ಲಾ ಸರಿ. ಎರಡು ಮಾತು ಸೇರಿಸುತ್ತೇನೆ.

ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೆ ಹತ್ತಿರ ಹಿಡಿಯಬೇಡಿ, ಮುಳ್ಳು ಎಳೆದುಕೊಳ್ಳುತ್ತೆ. ನಾಲ್ಕು ಹೆಜ್ಜೆ ಹಿಂದೆ ನಿಂತು ದಿಕ್ಕು ನೋಡಿ, ದೂರದಲ್ಲಿ ಕಾಣುವ ಮರವನ್ನೋ ಕಟ್ಟಡವನ್ನೋ ಗುರುತು ಇಟ್ಟುಕೊಳ್ಳಿ.

ಇನ್ನೊಂದು, ಬೋಲ್ಟ್ ಬಿಗಿ ಮಾಡುವಾಗ ಡಿಶ್ ಸರಿಯುತ್ತದೆ. ಕ್ವಾಲಿಟಿ ಚೆನ್ನಾಗಿ ಬಂತು ಅಂತ ಒಂದೇ ಬೋಲ್ಟನ್ನು ಕೊನೆಯವರೆಗೂ ತಿರುಗಿಸಬೇಡಿ. ಎಡಗಡೆ ಬೋಲ್ಟಿಗೆ ಕಾಲು ಸುತ್ತು, ಬಲಗಡೆ ಬೋಲ್ಟಿಗೆ ಕಾಲು ಸುತ್ತು, ಹೀಗೆ ಸರದಿಯಲ್ಲಿ ಬಿಗಿ ಮಾಡಿ. 65 ಸೆಂ.ಮೀ. ಎತ್ತರದ ಡಿಶ್‌ನ ಮೇಲಿನ ಅಂಚು ಬರೀ ಒಂದು ಸೆಂ.ಮೀ. ಹಿಂದೆ ಹೋದರೂ ಸುಮಾರು ಒಂದು ಡಿಗ್ರಿ ಹೋದಂತೆ. ಕಣ್ಣಿಗೆ ಅದು ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಬಂತು! ಈಗಷ್ಟೇ ಕೆಳಗೆ ಇಳಿದು ಬಂದೆ.

ಮೊದಲು ದಾರ ಇಳಿಬಿಟ್ಟು ನೋಡಿದೆ. ಎದುರಿನಿಂದ ಕಂಬ ನೆಟ್ಟಗಿತ್ತು. ಪಕ್ಕದಿಂದ ನೋಡಿದರೆ ಒಂದು ಬೆರಳಿಗಿಂತ ಜಾಸ್ತಿ ಹಿಂದಕ್ಕೆ ವಾಲಿತ್ತು. ಗಾಳಿ ಡಿಶ್ಶನ್ನು ಮಾತ್ರ ಅಲ್ಲ, ಕಂಬವನ್ನೂ ತಳ್ಳಿತ್ತು. ಇದನ್ನು ನಾನು ಕನಸಲ್ಲೂ ಯೋಚಿಸಿರಲಿಲ್ಲ. ಬುಡದ ಪ್ಲೇಟಿನ ಒಂದು ಬೋಲ್ಟ್ ಸಡಿಲವಾಗಿತ್ತು. ಅದರ ಕೆಳಗೆ ಎರಡು ವಾಷರ್ ಸೇರಿಸಿ ಬಿಗಿ ಮಾಡಿದ ಮೇಲೆ ದಾರ ಸರಿಯಾಗಿ ಕಂಬದ ಜೊತೆ ಇಳಿಯಿತು.

ಆಮೇಲೆ 46ಕ್ಕೆ ಇಟ್ಟೆ. ನಿಜ ಹೇಳಬೇಕೆಂದರೆ, ಡಿಶ್ ಇಷ್ಟು ಮುಂದಕ್ಕೆ ಬಗ್ಗಿದ್ದು ನೋಡಿ ಇದು ಹೇಗೆ ಆಕಾಶ ನೋಡುತ್ತೆ ಅಂತ ಅನುಮಾನ ಬಂತು. ತಂಗಿ ಒಳಗೆ ಟಿವಿ ಮುಂದೆ ಕೂತಿದ್ದಳು, ಫೋನಿನಲ್ಲಿ ಕ್ವಾಲಿಟಿ ಎಷ್ಟು ಅಂತ ಹೇಳುತ್ತಿದ್ದಳು. ಸೊನ್ನೆ, ಸೊನ್ನೆ, ಸೊನ್ನೆ. 47ಕ್ಕೆ ಏರಿಸಿ ತಿರುಗಿಸುವಾಗ ಒಮ್ಮೆಲೇ "31" ಅಂದಳು. ಕೈ ತೆಗೆಯಲೇ ಭಯ ಆಯಿತು. ಅಲ್ಲಿಂದ ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ 78ಕ್ಕೆ ತಂದೆ.

ಬೋಲ್ಟ್ ಬಿಗಿ ಮಾಡುವಾಗ 70ಕ್ಕೆ ಇಳಿಯಿತು. ಸಡಿಲ ಮಾಡಿ, ಮತ್ತೆ ಹೊಂದಿಸಿ, ಹೇಳಿದ ಹಾಗೆ ಸರದಿಯಲ್ಲಿ ಕಾಲು ಸುತ್ತು ಬಿಗಿ ಮಾಡಿದೆ. ಈಗ 77ರಲ್ಲಿ ನಿಂತಿದೆ. ಇದನ್ನು ಇನ್ನೂ ಏರಿಸಬಹುದಾ?

ಉತ್ತರ 1

ತುಂಬಾ ಖುಷಿಯಾಯಿತು. ಏರಿಸಬಹುದು, ಆದರೆ ಬ್ರಾಕೆಟ್ ಇನ್ನು ಮುಟ್ಟಬೇಡಿ. ಎಲ್‌ಎನ್‌ಬಿಯನ್ನು ಹಿಡಿದಿರುವ ಬಳೆಯ ಸ್ಕ್ರೂ ಸಡಿಲ ಮಾಡಿ, ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿನ ಹಾಗೆ ಎರಡೂ ಕಡೆಗೆ ಐದೈದು ಡಿಗ್ರಿ ತಿರುಗಿಸಿ ನೋಡಿ. ಉಪಗ್ರಹ ನಿಮ್ಮ ನೇರ ದಕ್ಷಿಣದಲ್ಲಿ ಇಲ್ಲ, ಪೂರ್ವಕ್ಕೆ ಸರಿದಿದೆ. ಹಾಗಾಗಿ ಅದರ ಅಲೆ ಓರೆಯಾಗಿ ಬಂದು ತಲುಪುತ್ತದೆ. ಎಲ್‌ಎನ್‌ಬಿಯೂ ಅಷ್ಟೇ ಓರೆ ಇರಬೇಕು. ನಿಮ್ಮ ಲೆಕ್ಕಕ್ಕೆ ಈ ಓರೆ 30 ಡಿಗ್ರಿ ದಾಟಬಹುದು, ಆದ್ದರಿಂದ ಐದು ಡಿಗ್ರಿ ತಿರುಗಿಸಿದಾಗ ಕ್ವಾಲಿಟಿ ಏರುವ ಕಡೆ ಯಾವುದೋ ಆ ಕಡೆಗೇ ಮುಂದುವರಿಯಿರಿ. ಕ್ವಾಲಿಟಿ ಇಳಿಯಲು ಶುರುವಾದ ಕೂಡಲೇ ಒಂದು ಚೂರು ಹಿಂದೆ ಬನ್ನಿ.

ಆಮೇಲೆ ಬ್ರಾಕೆಟ್ ಮತ್ತು ಕಂಬ ಸೇರುವ ಜಾಗದಲ್ಲಿ, ಎರಡರ ಮೇಲೂ ಹಾಯುವಂತೆ ಪೇಂಟಿನಲ್ಲಿ ಒಂದು ಗೀಟು ಎಳೆಯಿರಿ. ಎಲಿವೇಷನ್ ಬೋಲ್ಟಿನ ಹತ್ತಿರ ಇನ್ನೊಂದು. ಮುಂದಿನ ಗಾಳಿಗೆ ಎಷ್ಟು ಸರಿದಿದೆ ಅಂತ ಆ ಗೀಟೇ ತೋರಿಸುತ್ತೆ.

ಪ್ರಶ್ನೆ ಕೇಳಿದವರು

ಎಲ್‌ಎನ್‌ಬಿ ತಿರುಗಿಸಿದೆ, 86. ಬಿಳಿ ಪೇಂಟಿನಲ್ಲಿ ಎರಡೂ ಗೀಟು ಎಳೆದು ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಅಪ್ಪ ವಾರ್ತೆ ನೋಡುತ್ತಿದ್ದಾರೆ. ಧ್ವನಿ ಇನ್ನೂ ಸ್ವಲ್ಪ ಜಾಸ್ತಿ ಮಾಡು ಅಂತ ಒಳಗಿನಿಂದ ಕೂಗಿದರು.