ಸೆಸ್ನಾದಲ್ಲಿ ಕೆನಡಾಗೆ ಹೋಗಬೇಕು, ಹಳೇ ಮಾಲೀಕರ ರೇಡಿಯೋ ಲೈಸೆನ್ಸ್ ನಡೆಯುತ್ತಾ?

ಹೊಸರೆಕ್ಕೆ172:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಒಂದು ಹಳೇ ಸೆಸ್ನಾ 172 ಕೊಂಡುಕೊಂಡೆ. ಅಮೆರಿಕದಲ್ಲಿ ನೋಂದಣಿಯಾದ ವಿಮಾನ, ಎನ್-ನಂಬರ್ (ನೋಂದಣಿ ಸಂಖ್ಯೆ) ಹಳೇದೇ ಇದೆ. ಇಲ್ಲಿವರೆಗೂ ದೇಶದೊಳಗೇ ಹಾರಿಸಿದ್ದೇನೆ, ರೇಡಿಯೋ ಲೈಸೆನ್ಸ್ ವಿಷಯ ಬಂದೇ ಇರಲಿಲ್ಲ. ಮುಂದಿನ ತಿಂಗಳು ಕೆನಡಾದಲ್ಲಿ ಇಳಿಯುವ ಯೋಚನೆ ಇದೆ. ಅದಕ್ಕೆ ಕಾಗದಪತ್ರ ಜೋಡಿಸಲು ಕೂತೆ.

ವಿಮಾನದ ದಾಖಲೆ ಚೀಲದಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಏರ್‌ಕ್ರಾಫ್ಟ್ ಸ್ಟೇಷನ್ ಲೈಸೆನ್ಸ್, ಅಂದರೆ ವಿಮಾನದ ರೇಡಿಯೋ ಲೈಸೆನ್ಸ್ ಸಿಕ್ಕಿತು. ಹಳೇ ಮಾಲೀಕರ ಹೆಸರಲ್ಲಿದೆ, ಅವಧಿ ಮುಗಿಯಲು ಇನ್ನೂ ಮೂರು ವರ್ಷ ಇದೆ. ಅದು ಸಾಲದೇನೋ ಅಂತ ನಾನೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ದುಡ್ಡು ಕಟ್ಟಿದೆ. ಲೈಸೆನ್ಸ್ ಏನೋ ಬಂತು. ಆದರೆ ಅದರಲ್ಲಿ ನನ್ನ ಹೆಸರು ಬಿಟ್ಟರೆ ವಿಮಾನದ ನಂಬರ್ ಎಲ್ಲೂ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಜೊತೆಗೆ ಪ್ರಿಂಟ್ ಮೇಲೆ ‘ರೆಫರೆನ್ಸ್ ಕಾಪಿ’ ಅಂತ ಬರೆದಿದೆ. ಎಲ್ಲಿ ಎಡವಿದೆ? ದಯವಿಟ್ಟು ತಿಳಿದವರು ಹೇಳಿ.

ಟೈಡೌನ್_ಹಗ್ಗ:
ನಾನು ಐದಾರು ಸಲ ಹೋಗಿ ಬಂದಿದ್ದೇನೆ, ಎರಡೂ ಕಡೆ ಯಾರೂ ರೇಡಿಯೋ ಕಾಗದ ಕೇಳಿಲ್ಲ. ಹಳೇ ಲೈಸೆನ್ಸ್ ಚೀಲದಲ್ಲೇ ಇರಲಿ, ಹೋಗಿ ಬನ್ನಿ.

ಹ್ಯಾಂಗರ್_ಮೂಲೆ:
@ಟೈಡೌನ್_ಹಗ್ಗ, ಈ ಸಲಹೆ ಬೇಡ ಸರ್. ಯಾರೂ ಕೇಳಲಿಲ್ಲ ಅನ್ನೋದು ನಿಯಮ ಅಲ್ಲ. 1944ರ ಶಿಕಾಗೋ ಒಪ್ಪಂದದ 29ನೇ ವಿಧಿಯಲ್ಲಿ ದೇಶದಿಂದ ದೇಶಕ್ಕೆ ಹಾರುವ ವಿಮಾನದಲ್ಲಿ ಇರಲೇಬೇಕಾದ ದಾಖಲೆಗಳ ಪಟ್ಟಿ ಇದೆ. ರೇಡಿಯೋ ಇದ್ದರೆ ಅದರ ಲೈಸೆನ್ಸೂ ಆ ಪಟ್ಟಿಯಲ್ಲಿದೆ. 30ನೇ ವಿಧಿ ಇನ್ನೂ ಬಿಗಿ: ಆ ಲೈಸೆನ್ಸನ್ನು ವಿಮಾನ ನೋಂದಣಿಯಾದ ದೇಶವೇ ಕೊಟ್ಟಿರಬೇಕು, ರೇಡಿಯೋ ಬಳಸುವ ಸಿಬ್ಬಂದಿಗೂ ಅದೇ ದೇಶದ ಪ್ರತ್ಯೇಕ ಪರವಾನಗಿ ಇರಬೇಕು. ಊರು ಬಿಟ್ಟು ಊರಲ್ಲಿ ವಿಮಾನ ನಿಲ್ಲಿಸಿಕೊಂಡು ಈ ಕಾಗದಕ್ಕೆ ಪರದಾಡುವ ಗತಿ ಯಾರಿಗೂ ಬರಬಾರದು.

@ಹೊಸರೆಕ್ಕೆ172, ನಿಮ್ಮ ಗೊಂದಲದ ಬೇರು ಇರೋದೂ ಇಲ್ಲೇ. ಪರವಾನಗಿ ಎರಡು. ಒಂದು ವಿಮಾನದೊಳಗಿನ ರೇಡಿಯೋಗೆ, ಇನ್ನೊಂದು ಮೈಕ್ ಹಿಡಿದು ಮಾತಾಡುವ ಮನುಷ್ಯನಿಗೆ. ನಿಮಗೆ ಬಂದಿರೋದು ಎರಡನೆಯದು, ರಿಸ್ಟ್ರಿಕ್ಟೆಡ್ ರೇಡಿಯೋಟೆಲಿಫೋನ್ ಆಪರೇಟರ್ ಪರ್ಮಿಟ್. ಅದಕ್ಕೇ ಅದರಲ್ಲಿ ಎನ್-ನಂಬರ್ ಇಲ್ಲ. ಪರೀಕ್ಷೆ ಇಲ್ಲದೆ ಸಿಗುತ್ತದೆ, ಜೀವಮಾನವಿಡೀ ನಡೆಯುತ್ತದೆ, ಹಾಗಾಗಿ ಮುಗಿಯುವ ದಿನಾಂಕವೂ ಇಲ್ಲ. ಕಟ್ಟಿದ ದುಡ್ಡು ದಂಡವಾಗಲಿಲ್ಲ, ಅದು ಹೇಗೂ ಬೇಕಿತ್ತು. ಈಗ ವಿಮಾನದ್ದು ಬಾಕಿ.

ಹಳೇ ಲೈಸೆನ್ಸ್ ಮಾತ್ರ ನಡೆಯುವುದಿಲ್ಲ. ಏರ್‌ಕ್ರಾಫ್ಟ್ ಸ್ಟೇಷನ್ ಲೈಸೆನ್ಸನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ವಿಮಾನದ ಜೊತೆ ಕೈಬದಲಾಗುವ ಕಾಗದ ಅದಲ್ಲ. ಅವಧಿ ಎಷ್ಟೇ ಉಳಿದಿರಲಿ, ಹೊಸ ಮಾಲೀಕರು ಹೊಸದಾಗಿ ಅರ್ಜಿ ಹಾಕಬೇಕು. ಹೊಸದು 10 ವರ್ಷಕ್ಕೆ ಸಿಗುತ್ತದೆ.

ಹೊಸರೆಕ್ಕೆ172:
ತುಂಬ ಧನ್ಯವಾದ ಸರ್. ಹಾಗಾದರೆ ಈ ನಾಲ್ಕು ತಿಂಗಳು ನಾನು ಲೈಸೆನ್ಸ್ ಇಲ್ಲದೆ ರೇಡಿಯೋ ಬಳಸಿದ್ದು ತಪ್ಪಾಯಿತಾ? ನಿಜವಾಗಲೂ ಭಯ ಆಗ್ತಿದೆ.

ಹ್ಯಾಂಗರ್_ಮೂಲೆ:
ಇಲ್ಲ, ಅದರ ಚಿಂತೆ ಬಿಡಿ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೆ ದೇಶದೊಳಗೆ ಹಾರುವ ಸಣ್ಣ ಖಾಸಗಿ ವಿಮಾನಗಳಿಗೆ ಎಫ್‌ಸಿಸಿ ಒಂದೊಂದಕ್ಕೂ ಪ್ರತ್ಯೇಕ ಲೈಸೆನ್ಸ್ ಕೇಳುವುದನ್ನು ನಿಲ್ಲಿಸಿತು. ನಿಯಮವೇ ನಿಮ್ಮ ಲೈಸೆನ್ಸ್ ಅಂದುಕೊಳ್ಳಿ. ವಿಎಚ್‌ಎಫ್ ರೇಡಿಯೋ, ಇಎಲ್‌ಟಿ (ವಿಮಾನ ಬಿದ್ದಾಗ ತುರ್ತು ಸಂಕೇತ ಕಳಿಸುವ ಬೀಕನ್) ಎಲ್ಲ ಅದರಡಿ ಬರುತ್ತವೆ. ಹಳೇ ಪೈಲಟ್‌ಗಳು ದಾಖಲೆ ನೆನಪಿಡಲು ಅವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ಆ್ಯರೋ’ ಅನ್ನುತ್ತಿದ್ದರಲ್ಲ, ಅದರ ಎರಡು ‘ಆರ್’ಗಳಲ್ಲಿ ಒಂದು ಈ ರೇಡಿಯೋ ಲೈಸೆನ್ಸೇ.

ಆದರೆ ಆ ರಿಯಾಯಿತಿಗೆ ಷರತ್ತಿದೆ. ಅಂತರರಾಷ್ಟ್ರೀಯ ಹಾರಾಟವೂ ಇರಬಾರದು, ಅಂತರರಾಷ್ಟ್ರೀಯ ಸಂಪರ್ಕವೂ (ಬೇರೆ ದೇಶದ ಕೇಂದ್ರದ ಜೊತೆ ರೇಡಿಯೋ ಮಾತು) ಇರಬಾರದು. ಎರಡನೆಯ ಮಾತನ್ನು ಬಹಳ ಜನ ಓದುವುದೇ ಇಲ್ಲ. ಗಡಿ ಪಕ್ಕದಲ್ಲೇ ವಿಮಾನ ಇಟ್ಟುಕೊಂಡವರು ಅದನ್ನು ಗಮನಿಸಲೇಬೇಕು.

ಈಗ ಅರ್ಜಿ. ಎಫ್‌ಸಿಸಿಯ ಆನ್‌ಲೈನ್ ಲೈಸೆನ್ಸ್ ವ್ಯವಸ್ಥೆ ಯುಎಲ್‌ಎಸ್‌ಗೆ ನಿಮ್ಮ 10 ಅಂಕಿಯ ಎಫ್‌ಆರ್‌ಎನ್ (ಎಫ್‌ಸಿಸಿ ಕೊಡುವ ನೋಂದಣಿ ಸಂಖ್ಯೆ) ಹಾಕಿ ಲಾಗಿನ್ ಆಗಿ. ಹೊಸ ಲೈಸೆನ್ಸ್ ಆಯ್ಕೆ ಒತ್ತಿದರೆ ಸೇವೆಗಳ ಉದ್ದ ಪಟ್ಟಿ ತೆರೆಯುತ್ತದೆ. ಹೋದ ಸಲ ನೀವು ‘ಆರ್‌ಆರ್’, ಅಂದರೆ ಆ ಆಪರೇಟರ್ ಪರ್ಮಿಟ್ ಆರಿಸಿದ್ದಿರಿ, ಈ ಸಲ ‘ಎಸಿ’, ಅಂದರೆ ಏರ್‌ಕ್ರಾಫ್ಟ್. ಎನ್-ನಂಬರನ್ನು ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನೋಂದಣಿ ಪತ್ರ ಎದುರಿಗಿಟ್ಟುಕೊಂಡೇ ತುಂಬಿ, ನೆನಪಿನಿಂದ ಬೇಡ. ವಿಮಾನ ಕಂಪನಿ ಹೆಸರಲ್ಲೋ ಪಾಲುದಾರಿಕೆಯಲ್ಲೋ ಇದ್ದರೆ ಎಫ್‌ಆರ್‌ಎನ್ ಯಾರದ್ದು ಅಂತ ಮೊದಲೇ ತೀರ್ಮಾನಿಸಿ. ನಿಮ್ಮದು ನಿಮ್ಮ ಹೆಸರಲ್ಲೇ ಇದ್ದರೆ ಸಲೀಸು.

ಸ್ಕ್ವೆಲ್ಚ್_ಗುಂಡಿ:
ರೆಫರೆನ್ಸ್ ಕಾಪಿ ವಿಷಯ ನಾನು ಹೇಳ್ತೀನಿ. ನೀವು ಲಾಗಿನ್ ಆಗದೆ, ಎಲ್ಲರಿಗೂ ತೆರೆದಿರುವ ಹುಡುಕಾಟದ ಪುಟದಿಂದ ಪ್ರಿಂಟ್ ತೆಗೆದಿದ್ದೀರಿ. ಆ ಹಾಳೆ ಯಾರು ಬೇಕಾದರೂ ತೆಗೆಯಬಹುದು. ಅದರಲ್ಲಿರುವ ಸಣ್ಣ ಅಕ್ಷರ ಓದಿ ನೋಡಿ, ಇದು ಅಧಿಕೃತ ಲೈಸೆನ್ಸ್ ಅಲ್ಲ ಅಂತ ಅದೇ ಹೇಳುತ್ತದೆ. 2015ರಿಂದ ಎಫ್‌ಸಿಸಿ ಕಾಗದದ ಲೈಸೆನ್ಸನ್ನು ಅಂಚೆಯಲ್ಲಿ ತಾನಾಗಿ ಕಳಿಸುತ್ತಿಲ್ಲ. ಲಾಗಿನ್ ಆದ ಮೇಲೆ ಪಕ್ಕದ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಆಥರೈಸೇಷನ್ ಡೌನ್‌ಲೋಡ್ ಅಂತ ಇರುತ್ತದೆ, ಅಸಲು ಪ್ರತಿ ಅಲ್ಲಿ ಸಿಗುತ್ತದೆ. ಎರಡನ್ನೂ ಅಲ್ಲಿಂದಲೇ ತೆಗೆಯಿರಿ. ವಿಮಾನದ್ದು ವಿಮಾನದ ಚೀಲಕ್ಕೆ, ನಿಮ್ಮದು ಪೈಲಟ್ ಸರ್ಟಿಫಿಕೇಟ್ ಜೊತೆ ಪರ್ಸಿಗೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ‘ಆರ್‌ಆರ್’ ಪರ್ಮಿಟ್ ಅಮೆರಿಕದಲ್ಲಿ ಕೆಲಸ ಮಾಡಲು ಕಾನೂನುಬದ್ಧ ಅರ್ಹತೆ ಇರುವವರಿಗೆ. ಆ ಅರ್ಹತೆ ಇಲ್ಲದೆ ಎಫ್‌ಎಎ ಪೈಲಟ್ ಸರ್ಟಿಫಿಕೇಟ್ ಇರುವವರಿಗೆ ‘ಆರ್‌ಎಲ್’ ಅಂತ ಬೇರೆಯೇ ಇದೆ. ಕಲಿಯಲು ಬಂದಿರುವ ನಮ್ಮ ಹುಡುಗರು ಇಲ್ಲೇ ತಪ್ಪು ಗೆರೆ ಆರಿಸೋದು.

ಬೆಳಗಿನ_ಗಾಳಿ:
ನನ್ನದೊಂದು ಉಪಪ್ರಶ್ನೆ. ಯಜಮಾನರು ಹಾರುವಾಗ ನಾನು ಕೆಳಗೆ ನಿಂತು ಹ್ಯಾಂಡ್‌ಹೆಲ್ಡ್ ರೇಡಿಯೋದಲ್ಲಿ ಅವರ ಜೊತೆ ಮಾತಾಡಬಹುದಾ?

ಹ್ಯಾಂಗರ್_ಮೂಲೆ:
ಕೇಳಿಸಿಕೊಳ್ಳಬಹುದು ಮೇಡಂ, ಮಾತಾಡುವ ಹಾಗಿಲ್ಲ. ಆ ರಿಯಾಯಿತಿ ವಿಮಾನದ ರೇಡಿಯೋಗೆ ಮಾತ್ರ. ನೆಲದಿಂದ ಪ್ರಸಾರ ಮಾಡಲು ಗ್ರೌಂಡ್ ಸ್ಟೇಷನ್ ಲೈಸೆನ್ಸ್ ಬೇರೆ ಬೇಕು.

ಸ್ಕ್ವೆಲ್ಚ್_ಗುಂಡಿ:
@ಹೊಸರೆಕ್ಕೆ172, ನಿಮ್ಮ ಇಎಲ್‌ಟಿ 406 ಮೆಗಾಹರ್ಟ್ಸ್‌ನದ್ದಾ? ಆಗಿದ್ದರೆ ಲೈಸೆನ್ಸಿಗಿಂತ ಮೊದಲು ಅದನ್ನು ನೋಡಿ, ಕೈಮುಗಿದು ಕೇಳ್ತೀನಿ. ಆ ಬೀಕನ್ ನೋವಾದಲ್ಲಿ (ಅಮೆರಿಕದ ಸಾಗರ-ಹವಾಮಾನ ಸಂಸ್ಥೆ, NOAA) ನೋಂದಣಿ ಆಗಿರಬೇಕು, ಮಾಲೀಕರು ಬದಲಾದಾಗ ಮಾಹಿತಿಯೂ ಬದಲಾಗಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಲ್ಲದಿದ್ದರೆ ನೀವು ಎಲ್ಲೋ ಕಾಡಲ್ಲಿ ಬಿದ್ದಾಗ ರಕ್ಷಣಾ ಕೇಂದ್ರದವರ ಫೋನ್ ಹೋಗೋದು ಹಳೇ ಮಾಲೀಕರ ಮನೆಗೆ. ಅವರು ‘ವಿಮಾನ ಮಾರಿಬಿಟ್ಟೆ’ ಅಂತಾರೆ. ಹುಡುಕಾಟದಲ್ಲಿ ಆ ಹೊತ್ತು ಎಷ್ಟು ಬೆಲೆಯದ್ದು ಯೋಚಿಸಿ. 121.5ರದ್ದು ಹಳೇ ಬೀಕನ್ ಆಗಿದ್ದರೆ ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಅದನ್ನು ಕೇಳುವುದನ್ನೇ ಬಿಟ್ಟಿವೆ.

ಹೊಸರೆಕ್ಕೆ172:
ಎಲ್ಲರಿಗೂ ಋಣಿ. ‘ಎಸಿ’ ಲೈಸೆನ್ಸ್ ಬಂತು, ಎನ್-ನಂಬರ್ ಸರಿಯಾಗಿದೆ. ಎರಡರ ಅಸಲು ಪ್ರತಿಯನ್ನೂ ಲಾಗಿನ್ ಆಗಿ ತೆಗೆದೆ, ರೆಫರೆನ್ಸ್ ಅನ್ನೋ ಪದ ಇಲ್ಲ. ಹಳೇ ಮಾಲೀಕರಿಗೆ ಫೋನ್ ಮಾಡಿದ್ದೆ, ಅವರ ಲೈಸೆನ್ಸನ್ನು ಅವರೇ ರದ್ದು ಮಾಡಿಸುತ್ತಾರಂತೆ.

ಇಎಲ್‌ಟಿ 406ರದ್ದೇ, ಇನ್ನೂ ಅವರ ಹೆಸರಲ್ಲೇ ಇತ್ತು. ಹಿಂಬದಿಯ ಮುಚ್ಚಳ ಬಿಚ್ಚಿ, ಕೈ ಹೋಗದ ಜಾಗಕ್ಕೆ ಮೊಬೈಲ್ ತೂರಿಸಿ ಲೇಬಲ್ ಫೋಟೊ ತೆಗೆದೆ. 15 ಅಕ್ಷರದ ಕೋಡ್, ಮೊದಲ ಸಲ ಒಂದು ‘ಬಿ’ಯನ್ನು 8 ಅಂತ ಓದಿಬಿಟ್ಟಿದ್ದೆ. ಎರಡನೇ ಫೋಟೊ ಟಾರ್ಚ್ ಹಾಕಿ ತೆಗೆದಾಗ ಗೊತ್ತಾಯಿತು. ಈಗ ನೋಂದಣಿಯಲ್ಲಿ ನನ್ನ ನಂಬರ್ ಇದೆ, ಅದರ ಕೆಳಗೆ ನನ್ನ ಹೆಂಡತಿಯದ್ದೂ ಇದೆ.