ನಾಗಬನದ ಜೇಕು: ಇದು ಕಾರೆಕ್ಸೋ, ಬೇರೆಯೋ?

ಗೇರುಗುಡ್ಡೆ (ಬದಿಯಡ್ಕ):
ನಮ್ಮ ನಾಗಬನದ ಅಂಚಿನಲ್ಲಿ, ಮರಗಳ ನೆರಳಲ್ಲಿ, ಹುಲ್ಲಿನಂಥ ಒಂದು ಗಿಡ ಹಿಂಡು ಹಿಂಡಾಗಿ ಬೆಳೆದಿದೆ. ಮೊಣಕಾಲೆತ್ತರ. ಎಲೆ ಸಪೂರ, ಅಂಚು ಕೈಗೆ ಗರಗರ ಅನ್ನುತ್ತದೆ. ದಂಟನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ಸಿಗುತ್ತದೆ, ಒಳಗೆ ಟೊಳ್ಳಿಲ್ಲ. ಜೇಕು ಅನ್ನುವಲ್ಲಿಗೆ ಬಂದಿದ್ದೇನೆ. ಫೋಟೋ ಹಾಕಿದರೆ ಆ್ಯಪ್ ಒಮ್ಮೆ ಕಾರೆಕ್ಸ್ ಅನ್ನುತ್ತದೆ, ಇನ್ನೊಮ್ಮೆ ಸೈಪರಸ್. ಎರಡೂ ಜೇಕಿನ ಕುಟುಂಬದ ಬೇರೆ ಬೇರೆ ಕುಲಗಳು.

ಬನದಂಚು (ಮುಳ್ಳೇರಿಯ):
ದಂಟು, ಎಲೆ ನೋಡಿ ಅಲ್ಲಿಂದ ಮುಂದೆ ಹೋಗಲಿಕ್ಕೆ ಆಗುವುದಿಲ್ಲ ಮಾರಾಯ್ರೇ. ಮೂರು ಸಾಲಿನ ಎಲೆ, ಸೀಳಿಲ್ಲದೆ ದಂಟನ್ನು ಸುತ್ತಿಕೊಂಡ ಎಲೆಬುಡ, ಇವು ಜೇಕಿನ ಕುಟುಂಬದಲ್ಲಿ ಎಷ್ಟೋ ಗಿಡಗಳಿಗೆ ಇವೆ. ಕಾಯಿ ನೋಡಲೇಬೇಕು.

ಬಲಿತ ಒಂದು ಕಾಯಿಯನ್ನು ಬಿಳಿ ಕಾಗದದ ಮೇಲಿಟ್ಟು ಲೆನ್ಸಿನಲ್ಲಿ ನೋಡಿ. ಕಾರೆಕ್ಸ್ ಆದರೆ ಕಾಯಿ ಬರಿಮೈಯಲ್ಲಿ ಇರುವುದಿಲ್ಲ. ಅದರ ಸುತ್ತ ಮುಚ್ಚಿದ ಒಂದು ಚೀಲ ಇರುತ್ತದೆ. ಹೆಚ್ಚಿನವುಗಳಲ್ಲಿ ಚೀಲದ ತುದಿ ಮೂತಿಯ ಹಾಗೆ ಚೂಪಾಗಿರುತ್ತದೆ, ಹೂವಿನ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಅಲ್ಲಿನ ತೂತಿನಿಂದಲೇ ಹೊರಗೆ ಬರುವುದು. ಸೂಜಿಯಲ್ಲಿ ಚೀಲ ಸೀಳಿದರೆ ಒಳಗೆ ಕಾಯಿ ಸಿಗುತ್ತದೆ. ಚೀಲ ಇಲ್ಲದಿದ್ದರೆ ಕಾರೆಕ್ಸ್ ಅಲ್ಲ, ಅಷ್ಟೇ.

ನನಗೆ ಸ್ಕ್ಲೀರಿಯಾ (ಅದೇ ಕುಟುಂಬದ ಇನ್ನೊಂದು ಕುಲ) ಅಂತ ಅನುಮಾನ. ನಮ್ಮ ಮುರಕಲ್ಲು ಗುಡ್ಡೆಯ ಒಣ ನೆರಳು ಅದಕ್ಕೆ ಹೇಳಿದ ಜಾಗ. ಕಾರೆಕ್ಸ್‌ಗಳು ಘಟ್ಟದ ಎತ್ತರದ, ತಂಪಾದ ಕಡೆ ಜಾಸ್ತಿ.

ಗೇರುಗುಡ್ಡೆ:
ನೋಡಿದೆ ಅಣ್ಣ. ಚೀಲ ಇಲ್ಲ! ಕಾಯಿ ಅಚ್ಚ ಬಿಳಿ, ಪಿಂಗಾಣಿ ಮಣಿಯಂತೆ ಹೊಳೆಯುತ್ತದೆ. ಉಗುರು ಒತ್ತಿದರೂ ಒಡೆಯಲಿಲ್ಲ.

ಬನದಂಚು:
ಚೀಲ ಇಲ್ಲ, ಕಾಯಿ ಹೀಗೆ ಬಿಳಿ, ಗಟ್ಟಿ, ಹಾಗಾದರೆ ಸ್ಕ್ಲೀರಿಯಾನೇ. ಇನ್ನು ಜಾತಿ. ಕಾಯಿಯ ಬುಡ ನೋಡಿ. ಹಲವು ಸ್ಕ್ಲೀರಿಯಾಗಳಲ್ಲಿ ಅಲ್ಲೊಂದು ತಟ್ಟೆ ಎದ್ದು ಕಾಣುತ್ತದೆ, ಕೆಲವದರ ಕಾಯಿಯ ಮೇಲೆ ಬಲೆಯಂಥ ಗೆರೆಗಳೂ ಇರುತ್ತವೆ. ನಿಮ್ಮದು ನುಣುಪು, ತಟ್ಟೆಯೂ ಕಾಣದಿದ್ದರೆ ಸ್ಕ್ಲೀರಿಯಾ ಲಿಥೋಸ್ಪರ್ಮ.

ಗೇರುಗುಡ್ಡೆ:
ತಟ್ಟೆ ಇಲ್ಲ, ಗೆರೆಯೂ ಇಲ್ಲ. ಇದು ಅಡಿಕೆ ತೋಟಕ್ಕೆ ಹಬ್ಬಿದರೆ ಕಷ್ಟ ಅಲ್ವಾ? ಕೊನ್ನಾರಿ ಗೆಡ್ಡೆಯೇ ಸಾಕಾಗಿದೆ.

ಬನದಂಚು:
ಕೊನ್ನಾರಿ ಮಣ್ಣಿನಡಿ ಬಳ್ಳಿ ಬಿಟ್ಟು, ಗೆಡ್ಡೆ ಕಟ್ಟಿಕೊಂಡು ಓಡುತ್ತದೆ. ಇದರ ಬೇರುಕಾಂಡ ಗಿಡ್ಡ, ಗಂಟುಗಂಟು. ಅದಕ್ಕೇ ಹಿಂಡಾಗಿ ಒಂದೇ ಕಡೆ ನಿಲ್ಲುತ್ತದೆ. ಸುಮ್ನೆ ಕೀಳಬೇಡಿ. ಬುಡ, ಎಲೆ, ಕಾಯಿ ಎಲ್ಲ ಇರುವ ಒಂದು ದಂಟು ಮಾತ್ರ ತೆಗೆದು ಪೇಪರಿನ ನಡುವೆ ಒತ್ತಿಡಿ, ತೆಗೆದ ಜಾಗ ಮತ್ತು ತಾರೀಕು ಅದರಲ್ಲೇ ಬರೆದಿಡಿ.