ಹಳೇ ಮಾಳಿಗಿ ಮನಿ, ಎ.ಸಿ. ಹಚ್ಚಿದ್ರೂ ತಂಪು ನಿಲ್ಲವಲ್ದು: ಸಂದಿ ಹ್ಯಾಂಗ ಮುಚ್ಚಬೇಕು?

ಪಡಸಾಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಶಹಾಬಜಾರ್ ಕಡೆ ಹಳೇ ಮನಿ. ಗ್ವಾಡಿ ಒಂದೂವರಿ ಅಡಿ ದಪ್ಪ, ಕಲ್ಲು-ಮಣ್ಣಿಂದು, ಮ್ಯಾಲ ಗಚ್ಚಿನ ಗಿಲಾವ. ಮಾಳಿಗಿ ತೊಲಿ-ಜಂತಿದು, ಅದರ ಮ್ಯಾಲ ಫರಸಿ, ಫರಸಿ ಮ್ಯಾಲ ಮಣ್ಣು. ಎ.ಸಿ. ಕೂಡಿಸಿದ ಕೋಣಿ 12 × 14 ಅಡಿ, ಎತ್ತರ 11 ಅಡಿ. ಜೋಡಿ ಕದದ ಬಾಗಲಾ ಒಂದು. ಕಿಡಕಿ ಎರಡು, ಒಂದು ಕಟ್ಟಿಗಿದು, ಇನ್ನೊಂದು ಅಲ್ಯೂಮಿನಿಯಂ ಸ್ಲೈಡಿಂಗ್. ಮ್ಯಾಲ ಎರಡು ವೆಂಟಿಲೇಟರ್, ಅವಕ್ಕ ಬರೇ ಜಾಳಗಿ ಅದ.

ಒಂದೂವರಿ ಟನ್ ಎ.ಸಿ. 24ಕ್ಕ ಇಟ್ರೂ ಬ್ಯಾಸಗಿ ಮಧ್ಯಾಹ್ನ 29ರ ಕೆಳಗ ಇಳಿಯಲ್ಲ. ಶ್ರಾವಣದಾಗ ಇನ್ನೊಂದು ತ್ರಾಸು: ಕೋಣಿ ತಂಪಾಗ್ತದ, ಆದ್ರ ಹಸಿ ಹಸಿ ಅನಸ್ತದ, ಎ.ಸಿ. ಎದುರಿನ ಮ್ಯಾಲಿನ ಮೂಲ್ಯಾಗ ಬೂಸು ಹಿಡೀತದ. ವೆಂಟಿಲೇಟರಿಗೆ ಇಟ್ಟಂಗಿ ಹಾಕಿ ಮುಚ್ಚಿ, ಒಳಗೆಲ್ಲ ಸಿಮೆಂಟ್ ಗಿಲಾವ ಮಾಡೋಣು ಅಂತ ಗವಂಡಿ ಹೇಳ್ತಾನ. ಏಪ್ರಿಲ್‌ದಾಗ ಹಗಲಹೊತ್ತು ಕೂಲರೂ ಹಚ್ತೀವಿ. ಯಾವುದು ಮೊದಲ ಮುಚ್ಚಬೇಕು, ಯಾವ ಸಾಮಾನು, ಎಷ್ಟು ತರಬೇಕು, ತಿಳಿದವರು ಹೇಳ್ರಿ.

ತಂಪುಗಾಳಿ

ವೆಂಟಿಲೇಟರಿಗೆ ಇಟ್ಟಂಗಿ ಹಾಕಿಸಬ್ಯಾಡ್ರಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಒಮ್ಮೆ ಹಾಕಿದ ಮ್ಯಾಲ ಒಡೀಲಾಕ ಮನಸ್ಸು ಬರಲ್ಲ. ಕೂಲರ್ ಒಳಗ ದೂಡಿದಷ್ಟು ಗಾಳಿ ಹೊರಗ ಹೋಗ್ಲಾಕ ದಾರಿ ಬೇಕು. 1000 ಸಿ.ಎಫ್.ಎಂ. (ನಿಮಿಷಕ್ಕ ಇಷ್ಟು ಘನ ಅಡಿ) ಗಾಳಿಗೆ 1ರಿಂದ 2 ಚದರ ಅಡಿ ಕಿಂಡಿ ತೆರೆದಿರಬೇಕು. ಅದಿಲ್ಲಂದ್ರ ತೇವ ಒಳಗೇ ಕೂಡ್ತದ, ಮೈಯೆಲ್ಲ ಅಂಟಂಟು. ಎ.ಸಿ.ಗೆ ಮಾತ್ರ ಅದೇ ಕಿಂಡಿ ವೈರಿ. ಹಿಂಗಾಗಿ ನಮ್ಮ ಕಡೆ ಮನಿಗೆ ಬೇಕಾದದ್ದು ಕಾಯಂ ಮುಚ್ಚೋದಲ್ಲ, ಬೇಕಾದಾಗ ಬಿಗಿಯಾಗಿ ಮುಚ್ಚಿ ಬೇಕಾದಾಗ ತೆಗಿಯೋ ಹಂಗ ಮಾಡೋದು. ಕಾಯಂ ಮುಚ್ಚಬೇಕಾದದ್ದು ಗ್ವಾಡಿ-ಚೌಕಟ್ಟಿನ ಬಿರುಕು, ಪೈಪಿನ ತೂತು, ಮಾಳಿಗಿ ಕೂಡೋ ಸಂದಿ, ಇಷ್ಟೇ.

ಬೂಸು ಯಾಕ ಬರ್ತದ ಅಂದ್ರ: ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ತೇವ ಶೇ. 20 ಅಂತ ಹಿಡೀರಿ. ಆ ಗಾಳಿಯಿಂದ ನೀರು ಕಟ್ಟಬೇಕಂದ್ರ ಸುಮಾರು 13 ಡಿಗ್ರಿ ತನಕ ತಣ್ಣಗಾಗಬೇಕು, ಅಂದ್ರ ಸಂದ್ಯಾಗಿಂದ ಬರೋದು ಬರೇ ಝಳ. ಆಗಸ್ಟಿನ್ಯಾಗ 28 ಡಿಗ್ರಿ, ತೇವ ಶೇ. 85 ಇದ್ದಾಗ 25ಕ್ಕೇ ನೀರು ಕಟ್ತದ. ಎ.ಸಿ. ಗಾಳಿ ನೆಟ್ಟಗ ಬಡಿಯೋ ಮೂಲಿ 22-23ಕ್ಕ ಇಳಿದಿರ್ತದ, ಅಲ್ಲೇ ಮ್ಯಾಲಿನ ಸಂದ್ಯಾಗಿಂದ ಹೊರಗಿನ ಗಾಳಿ ಬಂದು ಬೆವರ್ತದ. ಮಳಿಗಾಲದಾಗ ಎ.ಸಿ. 26-27ಕ್ಕ ಇಡ್ರಿ, ಫ್ಯಾನ್ 'ಆಟೋ' ಇರಲಿ. ಕಂಪ್ರೆಸರ್ ನಿಂತ ಮ್ಯಾಲೂ ಒಳಗಿನ ಫ್ಯಾನ್ ಜೋರಾಗಿ ತಿರುಗ್ತಿದ್ರ ಕಾಯಿಲ್ (ಎ.ಸಿ. ಒಳಗಿನ ತಣ್ಣನ ಕೊಳವಿ) ಮ್ಯಾಲಿನ ನೀರು ಮತ್ತ ಕೋಣಿಗೇ ಬರ್ತದ.

ಮೊದಲ ಮ್ಯಾಲಿಂದು ಮುಚ್ರಿ. ತಣ್ಣನ ಗಾಳಿ ಭಾರ, ಅದು ಬಾಗಲಾ ಕೆಳಗಿಂದ ಸೋರಿ ಹೋಗ್ತದ, ಹೋದಷ್ಟು ಬಿಸಿ ಗಾಳಿ ಮ್ಯಾಲಿನ ಕಿಂಡ್ಯಾಗಿಂದ ಎಳಕೋತದ. ವೆಂಟಿಲೇಟರ್ ಒಂದೊಂದು 2 × 1½ ಅಡಿ ಅಂದ್ರ ಎರಡೂ ಸೇರಿ 6 ಚದರ ಅಡಿ, 864 ಚದರ ಇಂಚು. ನಾಲ್ಕು ಅಡಿ ಬಾಗಲಾ ಕೆಳಗ ಅರ್ಧ ಇಂಚು ಸಂದಿ ಅಂದ್ರ 24 ಚದರ ಇಂಚು. ಇದೂ ಸಣ್ಣದಲ್ಲ, ಗ್ವಾಡ್ಯಾಗ 6 × 4 ಇಂಚಿನ ತೂತು ಕೊರದಂಗ. ಆದ್ರ ಮ್ಯಾಲ ಬಯಲು ಬಿಟ್ಟು ಬರೇ ಬಾಗಲಾ ಕೆಳಗ ರಬ್ಬರ್ ಹಚ್ಚಿದ್ರ ರೊಕ್ಕ ದಂಡ.

ಸಾಮಾನು ತರೋಕಿಂತ ಮೊದಲ ಊದುಬತ್ತಿ ಪರೀಕ್ಷಾ ಮಾಡ್ರಿ. ವೆಂಟಿಲೇಟರ್ ಪ್ಲಾಸ್ಟಿಕ್ ಹಾಳಿ ಅಂಟಿಸಿ ತಾತ್ಪೂರ್ತಿಕ ಮುಚ್ರಿ. ಒಂದು ಕಿಡಕ್ಯಾಗ ಟೇಬಲ್ ಫ್ಯಾನ್ ಹೊರಮುಖ ಇಟ್ಟು, ಸುತ್ತಿನ ಜಾಗಕ್ಕ ರಟ್ಟು ಕಟ್ರಿ. ಮ್ಯಾಲಿನ ಫ್ಯಾನ್, ಎ.ಸಿ. ಎರಡೂ ಬಂದ್. ಫ್ಯಾನ್ ಹಚ್ಚಿ, ಊದುಬತ್ತಿ ಸಂದಿಯಿಂದ ಎರಡು ಇಂಚು ದೂರ ಹಿಡಕೊಂಡು ನಿಧಾನಕ್ಕ ಸಾಗ್ರಿ. ಹೊಗಿ ನೆಟ್ಟಗ ಏರ್ತಿದ್ರ ಸಂದಿ ಇಲ್ಲ, ಒಳಮುಖ ಬಾಗಿ ಹರಿದಾಡಿದ್ರ ಅಲ್ಲಿ ಸೀಮೆಸುಣ್ಣದ ಗುರುತು ಹಾಕ್ರಿ. ಸ್ವಿಚ್ ಬೋರ್ಡ್, ಫ್ಯಾನ್ ಕೊಂಡಿ, ಎ.ಸಿ. ಪೈಪ್ ತೂತು ಮರೀಬ್ಯಾಡ್ರಿ. ಅಡಗಿಮನಿ ಒಲಿ, ಗ್ಯಾಸ್ ಗೀಸರ್ ನಡೀತಿದ್ದಾಗ ಈ ಪರೀಕ್ಷಾ ಬ್ಯಾಡ.

ಗಚ್ಚು-ಗಾರೆ, ಬೀದರ್

ಮಣ್ಣು-ಗಚ್ಚಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಆಮೇಲೆ ಸುಣ್ಣದ ಮೂಲಕ ಉಸಿರಾಡಿ ಒಣಗುತ್ತದೆ. ಸಿಮೆಂಟ್ ಆ ದಾರಿಯನ್ನೇ ಕಟ್ಟುತ್ತದೆ. ಗಡಸು ಸಿಮೆಂಟು ಮೆತ್ತನೆಯ ಗೋಡೆಯ ಜೊತೆ ಅಲುಗಾಡದೆ ಎರಡು-ಮೂರು ವರ್ಷಕ್ಕೆ ಹಾಳೆಹಾಳೆಯಾಗಿ ಬಿಡುತ್ತದೆ, ಹಿಂದೆ ಹೊಸ ಸಂದಿ ಹುಟ್ಟುತ್ತದೆ. ಒಳಗೋಡೆಗೆ ಆಯಿಲ್ ಪೇಂಟು, ಪ್ಲಾಸ್ಟಿಕ್ ವಾಲ್‌ಪೇಪರ್ ಕೂಡ ಅಷ್ಟೇ ಕೆಟ್ಟವು. ಎ.ಸಿ. ಕೋಣೆಯಲ್ಲಿ ತೇವ ಹೊರಗಿನಿಂದ ಒಳಕ್ಕೆ ಬರುತ್ತದೆ, ಬಣ್ಣದ ಹಿಂದೆ ಸಿಕ್ಕಿಕೊಂಡು ಬೂಸಾಗುತ್ತದೆ.

ಮಾಳಿಗೆ ಮತ್ತು ಗೋಡೆ ಕೂಡುವ ಸಂದಿಯನ್ನು ಸುಣ್ಣದಿಂದಲೇ ತುಂಬಿ: ನೆನೆಸಿದ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ತೊಳೆದ ಉಸುಕು 2. ಚೀಲದ ಸುಣ್ಣದ ಪುಡಿಯಾದರೆ ಕನಿಷ್ಠ ಒಂದು ಇಡೀ ದಿನ ನೀರಿನಲ್ಲಿ ನೆನೆಯಲಿ. ಸಡಿಲ ಮಣ್ಣನ್ನೆಲ್ಲ ಕೆರೆದು, ಬ್ರಷ್‌ನಿಂದ ಧೂಳು ತೆಗೆದು, ನೀರು ಚಿಮುಕಿಸಿ. ಧೂಳಿನ ಮೇಲೆ ಹಚ್ಚಿದ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಆಳದ ಸಂದಿಗೆ ಕಲ್ಲಿನ ಚಕ್ಕೆ ಸೇರಿಸಿ ಒತ್ತಿ, ಒಂದು ಪದರ 10-12 ಮಿ.ಮೀ. ಮೀರಬಾರದು, ಮೊದಲನೆಯದು ಬಿಗಿಯಾದ ಮೇಲೆ ಎರಡನೆಯದು. ಏಳು ದಿನ ಒದ್ದೆ ಗೋಣಿ ಕಟ್ಟಿ. ಏಪ್ರಿಲ್ ಬಿಸಿಲಲ್ಲಿ ಮಾಡಿದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಬೆರಳಿಗೆ ಪುಡಿ ಬರುತ್ತದೆ, ಆದ್ದರಿಂದ ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಈ ಕೆಲಸ ಮುಗಿಸುವುದು ಒಳ್ಳೆಯದು.

ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಮೊದಲು ಗೆದ್ದಲು ನೋಡಿ. ಅಲ್ಲಿ ಸಿಮೆಂಟು, ಸಿಲಿಕೋನು (ರಬ್ಬರಿನಂತೆ ಆರುವ ಅಂಟು), ಉಬ್ಬಿ ಗಟ್ಟಿಯಾಗುವ ಫೋಮು ಯಾವುದೂ ಬೇಡ. ಮರದ ತುದಿ ಒಣಗದೆ ಕೊಳೆಯುತ್ತದೆ, ಗೆದ್ದಲಿನ ಮಣ್ಣು ಫೋಮಿನ ಹಿಂದೆ ಕಣ್ಣಿಗೆ ಬೀಳುವುದಿಲ್ಲ. ತೆಳುವಾಗಿ ಸುಣ್ಣ ಸಾಕು. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಗೋಡೆ ಗಿಲಾವಿಲ್ಲದೆ ಇದ್ದರೆ ಕಲ್ಲಿನ ರಂಧ್ರಗಳಿಂದಲೇ ಗಾಳಿ ಸೋರುತ್ತದೆ. ಅಂಥವರು ಸಂದಿ ಹುಡುಕುತ್ತ ಕೂರುವ ಬದಲು ಹೊರಗೆ ಒಂದು ಪದರ ಸುಣ್ಣದ ಗಿಲಾವು ಮಾಡಿಸಬೇಕು.

ಇನ್ನೊಂದು, ನಿಮ್ಮಲ್ಲಿ ಕಿಟಕಿ ಬುಡಕ್ಕೆ, ಹೊಸ್ತಿಲಿಗೆ ಶಹಾಬಾದ್ ಕಲ್ಲು ಇರುತ್ತದೆ. ಅದು ಸುಣ್ಣದ ಕಲ್ಲು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಲಿಕೋನಿಗೆ ವಿನೆಗರ್ ವಾಸನೆ ಬರುತ್ತದಲ್ಲ, ಅದು ಆರುವಾಗ ಬಿಡುವ ಆಮ್ಲ ಕಲ್ಲಿನ ಮೈಯನ್ನು ತಿನ್ನುತ್ತದೆ, ಅಂಟು ಬಿಟ್ಟು ಪಟ್ಟಿ ಇಡಿಯಾಗಿ ಕಿತ್ತು ಬರುತ್ತದೆ. ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' (ಆರುವಾಗ ಆ ಆಮ್ಲ ಬಿಡದ್ದು) ಎಂದು ಬರೆದದ್ದನ್ನೇ ಕೇಳಿ ತನ್ನಿ. ಬಣ್ಣ ಹಚ್ಚಬೇಕಾದ ಕಡೆ ಅಕ್ರಿಲಿಕ್ ಸೀಲಂಟ್ (ಸಂದಿ ತುಂಬುವ ಅಂಟು) ಹಚ್ಚಿ, ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಪಡಸಾಲಿ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಗಿಲಾವ ಕೈಬಿಟ್ಟೆ. ಚೌಕಟ್ಟಿನ ಸುತ್ತ ಕೆಲವು ಕಡೆ ಬಟ್ಟು ಹೋಗೋವಷ್ಟು ಸಂದಿ ಅದ, ಅದಕ್ಕ ಫೋಮ್ ಹೊಡೀಬಹುದೇನ್ರಿ? ಟ್ಯೂಬ್ ಎಷ್ಟು ಬೇಕು?

ಬಡಿಗಿ ಕೆಲಸ

ಅಣ್ಣಾ, ಬಟ್ಟು ಹೋಗೋ ಸಂದಿಗೆ ಬರೇ ಸೀಲಂಟ್ ತುಂಬಿದ್ರ ಒಳಗ ಆರಲ್ಲ, ಬಿರುಕು ಬಿಡ್ತದ. 6 ಮಿ.ಮೀ. ದಾಟಿದ್ರ ಮೊದಲ ಬ್ಯಾಕರ್ ರಾಡ್ ತುರುಕ್ರಿ, ಫೋಮಿನ ಹಗ್ಗ ಅಂದ್ರ ಅದೇ. ಸಂದಿಗಿಂತ ಕಾಲುಭಾಗ ದಪ್ಪ ಇರಬೇಕು, 12 ಮಿ.ಮೀ. ಸಂದಿಗೆ 15ರ ರಾಡ್. ಅದರ ಮ್ಯಾಲ ಸೀಲಂಟ್, ಆಳ ಅಗಲದ ಅರ್ಧ ಇದ್ರ ಸಾಕು. ಪಿ.ಯು. (ಪಾಲಿಯುರೆಥೇನ್) ಫೋಮ್ ಎ.ಸಿ. ಪೈಪಿನ ತೂತಿಗೆ ಛಲೋ. ಹಳೇ ಚೌಕಟ್ಟಿಗೆ ಹೊಡೆದ್ರ ಉಬ್ಬಿ ಚೌಕಟ್ಟನ್ನೇ ಒಳಗ ದೂಡ್ತದ, ಕದ ಕೂಡಲ್ಲ. ಹೊರಗ ಬಿಸಿಲಿಗೆ ಬಿಟ್ರ ಹಳದಿ ಆಗಿ ಉದುರ್ತದ, ಮ್ಯಾಲ ಗಾರಿ ಮುಚ್ಚಲೇಬೇಕು.

ಲೆಕ್ಕ: 280 ಮಿ.ಲೀ. ಟ್ಯೂಬ್ 6 × 6 ಮಿ.ಮೀ. ಪಟ್ಟಿಗೆ ಸುಮಾರು 25 ಅಡಿ ಬರ್ತದ. ಕಿಡಕಿ 4 × 4 ಹಿಡಿದು ಎರಡಕ್ಕ 32 ಅಡಿ, 7 ಅಡಿ ಬಾಗಲಾಕ್ಕ 18, ವೆಂಟಿಲೇಟರಿಗೆ 14, ಕೂಡಿ 64 ಅಡಿ. ಮೂರು ಟ್ಯೂಬ್ ತರ್ರಿ. ನಳಿಗಿ ತುದಿ ಓರಿ ಕೊಯ್ರಿ, ಗನ್ ದೂಡಕೋತ ಹೋಗ್ರಿ, ಹಚ್ಚಿದ ಐದು ನಿಮಿಷದಾಗ ಒದ್ದಿ ಬೆರಳಿಂದ ತೀಡ್ರಿ.

ಕದಕ್ಕ ಅಂಗಡಿ ಫೋಮ್ ಟೇಪ್ ಬ್ಯಾಡ, ಒಂದು ಬ್ಯಾಸಗಿಗೇ ಪುಡಿ ಆಗ್ತದ. ಡಿ ಆಕಾರದ, ಒಳಗ ಪೊಳ್ಳಿರೋ ಇ.ಪಿ.ಡಿ.ಎಂ. (ಬಿಸಿಲು-ಮಳಿ ತಡಿಯೋ) ರಬ್ಬರ್ ತರ್ರಿ, ಬಾಗಲಾ, ಕಟ್ಟಿಗಿ ಕಿಡಕಿ, ವೆಂಟಿಲೇಟರ್ ಎಲ್ಲಾ ಸೇರಿ 20 ಮೀಟರ್. ಹಚ್ಚೋ ಜಾಗ ಥಿನ್ನರ್‌ನಿಂದ ಒರಸ್ರಿ, ಆಯಿಲ್ ಪೇಂಟಿನ ಎಣ್ಣಿ ಜಿಡ್ಡಿನ ಮ್ಯಾಲ ಅಂಟು ನಿಲ್ಲಲ್ಲ. ಜೋಡಿ ಕದ ಕೂಡೋ ನಡುವಿನ ಸಂದಿಗೆ ಒಂದು ಕದಕ್ಕ ಒಂದೂವರಿ ಇಂಚಿನ ಕಟ್ಟಿಗಿ ಪಟ್ಟಿ ಹೊಡೆದು, ಪಟ್ಟಿ ಒಳಮೈಗೆ ರಬ್ಬರ್.

ಇಲ್ಲೇ ಭಾಳ ಮಂದಿ ತಪ್ಪು ಮಾಡ್ತಾರ. ಏಪ್ರಿಲ್‌ದಾಗ ಕಟ್ಟಿಗಿ ಒಣಗಿ ಕುಗ್ಗಿರ್ತದ. ಆವಾಗ ಬಿಗಿ ಆಗೋ ಹಂಗ ರಬ್ಬರ್ ಹಚ್ಚಿದ್ರ ಆಷಾಢದಾಗ ಕದ ಉಬ್ಬಿ ಚಿಲಕ ಬೀಳಲ್ಲ, ಆಮ್ಯಾಲ ಬಡಿಗೇರನ್ನ ಕರದು ರಂದಾ ಹೊಡಸ್ತಾರ, ಮುಂದಿನ ಬ್ಯಾಸಗಿಗೆ ಸಂದಿ ಇನ್ನೂ ದೊಡ್ಡದು. ರಬ್ಬರ್ ಅರ್ಧ ಅಷ್ಟೇ ಒತ್ತೋ ಹಂಗ ಕೂಡಸ್ರಿ. ಕದ ಮುಚ್ಚಿ ಹತ್ತು ರೂಪಾಯಿ ನೋಟ್ ಸಿಗಿಸಿ ಎಳೀರಿ: ಬಿಗಿ ಆಗಿ ಜಾರಿ ಬರಬೇಕು. ಸಲೀಸಾಗಿ ಬಂದ್ರ ಸಡಿಲ, ಹರಿಯೋ ಹಂಗ ಅನಸಿದ್ರ ಅತಿ ಬಿಗಿ. ಬಾಗಲಾ ಕೆಳಗ ಬ್ರಷ್ ಇರೋ ಅಲ್ಯೂಮಿನಿಯಂ ಪಟ್ಟಿ ಹಚ್ರಿ, ಉಬ್ಬುತಗ್ಗಿನ ಫರಸಿ ಮ್ಯಾಲ ಗಟ್ಟಿ ರಬ್ಬರ್ ತಿಕ್ಕಿ ಸವೀತದ.

ವೆಂಟಿಲೇಟರಿಗೆ ಜಾಳಗಿ ಹಂಗೇ ಇರಲಿ. ಒಳಗ ಕಟ್ಟಿಗಿ ಚೌಕಟ್ಟಿನ್ಯಾಗ 4 ಮಿ.ಮೀ. ಅಕ್ರಿಲಿಕ್ ಹಾಳಿ ಹಾಕಿ, ಮ್ಯಾಲ ಎರಡು ಬಿಜಾಗರಿ, ಕೆಳಗ ಎಳದು ಬಿಗಿ ಮಾಡೋ ಕೊಂಡಿ, ಸುತ್ತ ರಬ್ಬರ್. ಕೋಲಿನಿಂದ ತೆಗೀಲಾಕ ಬರೋ ಹಂಗ ಒಂದು ಬಳಿ ಇರಲಿ. ಸ್ಲೈಡಿಂಗ್ ಕಿಡಕಿಗೆ ಸೋರೋದು ಸವೆದ ಬ್ರಷ್ ಪಟ್ಟಿ. ಪಲ್ಲಾ ಎತ್ತಿ ತೆಗೆದು, ಹಳೇದರ ತುಣುಕು ಅಂಗಡಿಗೆ ಒಯ್ದು ಅದೇ ಅಗಲ, ಅದೇ ಎತ್ತರದ್ದು ತರ್ರಿ. ಕೆಳಗಿನ ಹಳಿ ಒಳಗಿನ ಸಣ್ಣ ತೂತಿಗೆ ಸಿಲಿಕೋನ್ ತುಂಬಬ್ಯಾಡ್ರಿ, ಮಳಿ ನೀರು ಹೊರಗ ಹೋಗೋ ದಾರಿ ಅದು.

ತಂಪುಗಾಳಿ

ಎರಡು ಮಾತು ಉಳಿದಾವ, ಜೀವದ ಮಾತು. ಅಡಗಿಮನಿ ಬಾಗಲಾ ಕೆಳಗ ಪಟ್ಟಿ ಹಚ್ಚಬ್ಯಾಡ್ರಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ಕೂಡ್ತದ, ಅದು ಹೊರಗ ಹೋಗೋದು ಆ ಕೆಳಗಿನ ಸಂದ್ಯಾಗಿಂದೇ. ಬಚ್ಚಲದಾಗ ಗ್ಯಾಸ್ ಗೀಸರ್ ಇದ್ರ ಅಲ್ಲಿನ ವೆಂಟಿಲೇಟರ್ ಯಾವತ್ತೂ ತೆರೆದೇ ಇರಲಿ. ಮುಚ್ಚಿದ ಬಚ್ಚಲದಾಗ ಕಾರ್ಬನ್ ಮೊನಾಕ್ಸೈಡ್ ತುಂಬ್ತದ, ವಾಸನಿ ಇಲ್ಲ, ಗೊತ್ತಾಗೋದ್ರೊಳಗ ಮನಷಾ ಬಿದ್ದಿರ್ತಾನ. ಗೀಸರೇ ಬಚ್ಚಲ ಹೊರಗ ಇಡಸ್ರಿ. ಎ.ಸಿ. ಕೋಣ್ಯಾಗ ಕೆಂಡದ ಧೂಪ, ಸೊಳ್ಳಿಬತ್ತಿ ಬ್ಯಾಡ, ನಾಲ್ಕು ಮಂದಿ ಮಲಗೋರಿದ್ರ ರಾತ್ರಿ ಒಂದು ವೆಂಟಿಲೇಟರ್ ಒಂದು ಬಟ್ಟು ತೆರೆದಿರಲಿ.

ಸ್ವಿಚ್ ಬೋರ್ಡ್ ಬಿಚ್ಚೋಕಿಂತ ಮೊದಲ ಮೇನ್ ಇಳಸ್ರಿ. ಮಾಳಿಗಿಯಿಂದ ಇಳಿಯೋ ವೈರಿಂಗ್ ಪೈಪ್ ಬಿಸಿಗಾಳಿ ಕೊಳವಿ ಇದ್ದಂಗ, ಅದರ ಬಾಯಿಗೆ ಎಲೆಕ್ಟ್ರಿಕಲ್ ಪುಟ್ಟಿ ಒತ್ರಿ, ಫೋಮ್ ಅಲ್ಲ. ಎ.ಸಿ. ಪೈಪ್ ತೂತು ಹೊರಮುಖ ಇಳಿಜಾರಿರಬೇಕು, ಮುಚ್ಚೋವಾಗ ಡ್ರೇನ್ ಪೈಪ್ ಎದ್ದು ನಿಂತ್ರ ನೀರು ವಾಪಸ್ ಗ್ವಾಡಿಗೇ ಇಳೀತದ. ಅದನ್ನ ಮುಚ್ಚೋಕಿಂತ ಮೊದಲ ಒಂದು ತಂಬಗಿ ನೀರು ಒಳಗಿನ ಟ್ರೇಕ್ಕ ಹಾಕಿ, ಹೊರಗ ಬೀಳ್ತದೇನು ನೋಡ್ರಿ.